ಪಾದ್ರಿ ಹರಸಿದ ಪೆನ್ನು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಕೋಳಿಗಳಿಗೆ ಕಾಳು ಚೆಲ್ಲಿ ಬಂದ ನಮಾಲ್ವ, ತೀರಿಕೊಂಡ ಗಂಡ ಖಾಯೆಂಬಾ ಮೇಷ್ಟ್ರ ಕೋಟಿನ ಜೇಬಿಗೆ ಕೈಹಾಕಿದಳು. ತಾನು ಪದವಿ ಪಡೆದ ದಿನ ಅವನಿಗೆ ಕೊಟ್ಟಿದ್ದ ಹಸಿರು ಪೆನ್ನು ಬೇಕಿತ್ತು. ಮಣ್ಣು ಮಾಡುವಾಗ ಬಾರದ ಅಳು ಅದನ್ನು ಹಿಡಿದರಾದರೂ ಬಂದೀತು ಎಂಬ ಆಸೆ.

ಸಿಕ್ಕಿದ್ದು ಕಚ್ಚಿ ಕಚ್ಚಿ ಚಪ್ಪಟೆಯಾದ ಒಂದು ನೀಲಿ ಪೆನ್ನು.

"ಸದ್ಯ, ಸಿಕ್ತಲ್ಲ!" ಪಕ್ಕದ ಮನೆಯ ನೆಲಿಮಾಳ ಅಮ್ಮ ಬಾಗಿಲಲ್ಲೇ ಕೂಗಿದಳು. "ಅದು ನಮ್ದು ಕಣೇ. ನಿಮ್ಮೆಜಮಾನ್ರು ಎರಡು ದಿನಕ್ಕೆ ಅಂತ ಇಸ್ಕೊಂಡೋಗಿದ್ರು. ಇವತ್ತು ನಮ್ ಚಿಕ್ಕೋಳು ನೆಕೋಯೆಗೆ ಪರೀಕ್ಷೆ! ಅದಿಲ್ದೆ ಒಂದಕ್ಷರ ಬರೆಯಲ್ಲ ಅವ್ಳು."

ಪರೀಕ್ಷೆಗೆ ಮುಂಚಿನ ಭಾನುವಾರ ಮಕ್ಕಳು ಪೆನ್ನುಗಳನ್ನು ಎತ್ತಿ ಹಿಡಿಯುವುದು, ಪಾದ್ರಿ ಅವುಗಳ ಮೇಲೆ ಪ್ರಾರ್ಥಿಸುವುದು ಆ ಊರಿನ ರೂಢಿ. ಹಾಗೆ ಹರಸಿದ ಈ ಪೆನ್ನಿನಲ್ಲೇ ನೆಕೋಯೆಯ ಅಕ್ಕ ನೆಲಿಮಾ ಪರೀಕ್ಷೆ ಬರೆದದ್ದು.

"ನೆಲಿಮಾ ಜಿಲ್ಲೆಗೇ ಮೊದಲು ಬಂದಿದ್ಲಲ್ವಾ ಅಕ್ಕಾ? ಈಗೇನು ಮಾಡ್ತಾಳೆ?" ನಮಾಲ್ವ ಕೇಳಿದಳು.

"ಬುಂಗೋಮಾ ಬಸ್ ಸ್ಟ್ಯಾಂಡಲ್ಲಿ ಮಂದಾಜಿ ಬನ್ನು ಎಣ್ಣೇಲಿ ಕರಿದು ಮಾರ್ತಾಳೆ. ಆದ್ರೆ ಚಿಲ್ಲರೆ ಲೆಕ್ಕ ಒಂದಿನಾನೂ ತಪ್ಪಿಲ್ಲ! ನೀನೂ ಯೂನಿವರ್ಸಿಟಿ ಓದಿ ಕೋಳಿ ಸಾಕ್ತಿಲ್ವಾ? ಓದಿದ್ದು ಎಲ್ಲೂ ಹೋಗಲ್ಲ ಬಿಡು."

ಪೆನ್ನು ಹಿಡಿದು ಇಬ್ಬರೂ ಶಾಲೆಯತ್ತ ಓಡಿದರು. ದಾರಿಯಲ್ಲಿ ಒಬ್ಬ ಮುದುಕಿ ಅಡ್ಡಗಟ್ಟಿದಳು: "ಗೋರಿ ಮಣ್ಣಿನ್ನೂ ಆರಿಲ್ಲ, ಎಲ್ಲಿಗೇ ಓಟ?"

"ಪಾದ್ರಿ ಪೆನ್ನು ಅಜ್ಜೀ!" ನೆಲಿಮಾಳಮ್ಮನೇ ಸಾರಿದಳು.

ಅಷ್ಟೇ ಸಾಕಾಯಿತು. "ನಮ್ಮವನಿಗೂ ಒಂದ್ಸಲ ಮುಟ್ಟಿಸ್ರೇ" ಎನ್ನುತ್ತ ಬೆಲ್ಲಕ್ಕೆ ಮುತ್ತುವ ಇರುವೆಗಳ ಹಾಗೆ ತಾಯಂದಿರು ಹಿಂದೆ ಬಿದ್ದರು. ಶಾಲೆಯ ಗೇಟು ಮುಟ್ಟುವ ಹೊತ್ತಿಗೆ ದೊಡ್ಡ ಮೆರವಣಿಗೆಯೇ ಆಗಿತ್ತು. ಮೇಷ್ಟ್ರ ಶವದ ಹಿಂದೆಯೂ ಅಷ್ಟು ಜನ ಬಂದಿರಲಿಲ್ಲ.

ಪ್ರಶ್ನೆಪತ್ರಿಕೆ ಕಾಯಲು ಬಂದೂಕು ಹಿಡಿದು ನಿಂತಿದ್ದ ಪೊಲೀಸಿನವನು ಪೆನ್ನು ಕಸಿದುಕೊಂಡ. ಒಳಗೆ ಚೀಟಿಗೀಟಿ ಇದೆಯೇನೋ ಎಂದು ತಿರುಗಿಸಿ ಬಿಚ್ಚಿದ, ಕೊಳವೆಯೊಳಗೆ ಒಂದು ಕಣ್ಣಿಟ್ಟು ನೋಡಿದ.

"ಮೇಡಂ, ಇದ್ರಲ್ಲಿ ದೇವ್ರೂ ಇಲ್ಲ, ರೀಫಿಲ್ಲೂ ಇಲ್ಲ."

"ಅಯ್ಯೋ, ನನ್ ಮಗಳ ಬಾಳೇ ಹೋಯ್ತು!" ನೆಲಿಮಾಳಮ್ಮ ಎದೆ ಬಡಿದುಕೊಂಡಳು.

ಮಕ್ಕಳ ಸಾಲಿನಿಂದ ನೆಕೋಯೆ ಓಡಿ ಬಂದಳು. "ಅಮ್ಮಾ, ಸುಮ್ನಿರು. ರೀಫಿಲ್ ತೆಗೆದಿದ್ದು ಮೇಷ್ಟ್ರೇ. ನನ್ನೆದುರಿಗೇ ಬಿಚ್ಚಿ, 'ನೋಡು, ಪೆನ್ನಲ್ಲಿ ಏನೂ ಇಲ್ಲ, ಇರೋದು ನಿನ್ ತಲೇಲಿ, ಯಾವ್ದ್ರಲ್ಲಿ ಬೇಕಾದ್ರೂ ಬರಿ' ಅಂತ ತಮ್ ಜೇಬಿಂದ ಒಂದು ಕೊಟ್ರು."

ನಮಾಲ್ವ ಹುಡುಗಿಯ ಹತ್ತಿರ ಸರಿದಳು. ಪಾಠವೆಂದರೆ ತನ್ನ ಗಂಡನದು. ಯಾವ ಪರೀಕ್ಷೆಯಲ್ಲೂ ಬಾರದ ಪಾಠ.

ಹುಡುಗಿ ಮುಷ್ಟಿ ಬಿಚ್ಚಿದಳು. ಹಸಿರು ಪೆನ್ನು.

"ಒಂದ್ನಿಮಿಷ ಕೊಡ್ತೀಯಾ ಮಗು?" ನಮಾಲ್ವಳ ಕೈ ತಾನಾಗಿ ಚಾಚಿತು.

ನೆಕೋಯೆ ಅದನ್ನು ಎದೆಗವಚಿಕೊಂಡು ಹಿಂದೆ ಸರಿದಳು. "ಬೇಡ ಚಿಕ್ಕಮ್ಮಾ! ಇದಿಲ್ದೆ ನಂಗೆ ಒಂದಕ್ಷರಾನೂ ಬರೆಯಕ್ಕಾಗಲ್ಲ."

ಗಂಟೆ ಹೊಡೆಯಿತು. ಹುಡುಗಿ ಓಡಿದಳು.

"ಸತ್ತ ಮೇಷ್ಟ್ರ ಪೆನ್ನಂತೆ!" ಹಿಂದಿನಿಂದ ಪಿಸುಮಾತು ಕೇಳಿತು. "ಪಾದ್ರಿ ಹರಕೆಗಿಂತ ಗಟ್ಟಿ ಕಣ್ರೇ. ನಮಾಲ್ವಾ, ಆ ಕೋಟಲ್ಲಿ ಇನ್ನೆಷ್ಟಿವೆಯೇ?"

ನಮಾಲ್ವ ಪೊಲೀಸಿನವನ ಕೈಯಿಂದ ಬಿಚ್ಚಿದ ತುಂಡುಗಳನ್ನು ಇಸಿದುಕೊಂಡಳು. ಖಾಲಿ ಪೆನ್ನನ್ನು ಜೋಡಿಸಿ, ಕ್ಯಾಪು ಹಾಕಿ, ನೆಲಿಮಾಳಮ್ಮನ ಅಂಗೈಯಲ್ಲಿಟ್ಟಳು.

"ತಗೊಳ್ಳಿ ಅಕ್ಕಾ. ನಮ್ಮವ್ರು ಇಸ್ಕೊಂಡಿದ್ದು."