ಚಿಕ್ಕಮ್ಮನ ಮನೆಗೆ ಬಂದ ಹೊಸ ‘ಇ’

ಇನ್ನೊಬ್ಬರ ಮನೆಯ ಕಪಾಟನ್ನು ಕೇಳದೆ ಜೋಡಿಸಬಾರದು ಎಂಬುದು ನನಗೆ ಗೊತ್ತು. ಅವರ ಕಂಪ್ಯೂಟರನ್ನೂ ಜೋಡಿಸಬಾರದು ಎಂಬುದು ಮೊನ್ನೆಯವರೆಗೆ ಗೊತ್ತಿರಲಿಲ್ಲ. ಕುರುಗೋಡಿನ ನನ್ನ ಚಿಕ್ಕಮ್ಮ ರವಿಕೆಗಳ ಕಸೂತಿ ಡಿಸೈನನ್ನು ಮನೆಯ ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ಅದನ್ನು ಹೊಲಿಯುವ ಯಂತ್ರ ಇರುವುದು ಸಿರುಗುಪ್ಪದಲ್ಲಿ, ಗೆಳತಿಯ ಅಂಗಡಿಯಲ್ಲಿ. ಡಿಸೈನು ಪೆನ್‌ಡ್ರೈವಿನೊಳಗೆ ಕೂತು ಚಿಕ್ಕಮ್ಮನ ಜೊತೆ ಬಸ್ಸು ಹತ್ತುತ್ತದೆ. ಕಂಪ್ಯೂಟರಿನ ಡ್ರೈವ್‌ಗಳ ಬಗ್ಗೆ ಅವಳ ಪಾಲಿನ ಶಾಸ್ತ್ರ ಇಷ್ಟೇ: ‘ಸಿ’ ಕಂಪ್ಯೂಟರಿನದು, ‘ಡಿ’ ತನ್ನದು, ‘ಇ’ ಎಂದರೆ ಪೆನ್‌ಡ್ರೈವ್.

ಎ, ಬಿ ಎಲ್ಲಿ ಹೋದವು ಎಂದು ಒಮ್ಮೆ ಕೇಳಿದ್ದಳು. ಅವು ಹಿಂದಿನ ಫ್ಲಾಪಿಗಳಿಗೆ ಮೀಸಲಾಗಿದ್ದವು, ಫ್ಲಾಪಿಗಳು ಹೋದರೂ ವಿಂಡೋಸ್ ತಾನಾಗಿ ಆ ಜಾಗದಲ್ಲಿ ಯಾರನ್ನೂ ಕೂರಿಸುವುದಿಲ್ಲ ಎಂದೆ. “ನಮ್ಮ ಮಾವನ ಕುರ್ಚಿ ಇದ್ದಂಗ” ಎಂದಳು. ಬಳ್ಳಾರಿಯ ನನ್ನ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ, ಅದರಲ್ಲಿ ಈ ಅಕ್ಷರಗಳೇ ಇಲ್ಲ. ಡಿಸ್ಕು ಎಸ್‌ಡಿಎ, ಅದರ ಭಾಗಗಳು ಎಸ್‌ಡಿಎ ಒಂದು, ಎರಡು. ಎಲ್ಲವೂ ಒಂದೇ ತಲೆಬಾಗಿಲಿನೊಳಗಿನ ಕೂಡುಕುಟುಂಬ. ವಿಂಡೋಸ್‌ನಲ್ಲಿ ಪಾಲಾದ ಅಣ್ಣತಮ್ಮಂದಿರು, ತಲಾ ಒಂದು ಬಾಗಿಲು. ಮ್ಯಾಕ್ ಕಂಪ್ಯೂಟರ್ ಇಟ್ಟುಕೊಂಡ ನನ್ನ ಗೆಳತಿಯೊಬ್ಬಳಂತೂ ತನ್ನ ಡಿಸ್ಕನ್ನು ಮಕ್ಕಳಂತೆ ಹೆಸರು ಹಿಡಿದೇ ಕರೆಯುತ್ತಾಳೆ.

ಒಂದು ಭಾನುವಾರ ಕುರುಗೋಡಿಗೆ ಹೋದಾಗ ನೋಡಿದೆ: ‘ಡಿ’ಯಲ್ಲಿ ಡಿಸೈನು, ಹಾಡು, ಯಾರದೋ ನಾಮಕರಣದ ಫೋಟೊ ಎಲ್ಲ ಚಿತ್ರಾನ್ನವಾಗಿವೆ. ಕೈ ಸುಮ್ಮನಿರಲಿಲ್ಲ. ‘ಡಿ’ಯಲ್ಲಿ ಖಾಲಿಯಿದ್ದ ಜಾಗ ಕತ್ತರಿಸಿ, ಡಿಸೈನಿಗೆಂದೇ ಹೊಸ ಭಾಗ ಮಾಡಿದೆ. ಮುಂದಿನ ಅಕ್ಷರ ಅದಕ್ಕೆ ಸಿಕ್ಕಿತು: ‘ಇ’. ಪೆನ್‌ಡ್ರೈವ್ ಇನ್ನು ‘ಎಫ್’ ಆಗಿ ಬರುತ್ತದೆ ಎಂಬುದು ನನಗೂ ಹೊಳೆಯಲಿಲ್ಲ. ಮಾಡಿದ್ದನ್ನು ಹೇಳಲೂ ಇಲ್ಲ. ಅಚ್ಚುಕಟ್ಟು ತಾನೇ ಕಾಣುತ್ತದೆ ಎಂದುಕೊಂಡೆ.

ಆ ವಾರವೇ ಸಿರುಗುಪ್ಪದಿಂದ ಚಿಕ್ಕಮ್ಮನ ಫೋನು. “ಲೇ, ಪೆನ್‌ಡ್ರೈವ್‌ನಾಗ ಏನೂ ಇಲ್ಲ! ನಾಳಿ ಬೆಳಿಗ್ಗಿ ರವಿಕಿ ಕೊಟ್ಟ ಹುಡುಗಿ ಮದುವಿ, ರವಿಕಿ ಇನ್ನಾ ಬೋಳ ಕುಂತೈತಿ!”

“ನೀ ಎದಕ್ಕ ಹಾಕಿದ್ದಿ?”

“ಇನ್ನೆದಕ್ಕ ಹಾಕ್ತಾರ? ‘ಇ’ಗ.”

ಡಿಸೈನು ಕುರುಗೋಡಿನ ಮನೆ ಬಿಟ್ಟು ಹೊರಟೇ ಇರಲಿಲ್ಲ. ಮನೆಯಲ್ಲಿದ್ದ ಚಿಕ್ಕಪ್ಪನಿಗೆ ಫೋನು ಮಾಡಿ, ಅದನ್ನು ಮೇಲ್ ಮಾಡಿ ಕಳಿಸುವ ಬಗೆಯನ್ನು ಬಿಡಿಸಿ ಬಿಡಿಸಿ ಹೇಳಿದೆ. ಆತ ಪೂರ್ತಿ ಕೇಳಿಸಿಕೊಂಡು, “ಅವ್ವಾ, ಒಳಗ ಕೈ ಹಾಕಾಕ ನನಗ ಅಂಜಿಕಿ. ಪೆಟ್ಟಿಗೀನ ಒಯ್ತೀನಿ. ಎಲ್ಲಾ ಅಕ್ಷರನೂ ಅದರಾಗ ಅದಾವಲ್ಲ?” ಎಂದ. ಸಿಪಿಯುವನ್ನು ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಏನ್ರಿ ಅದು ಎಂದ ಕಂಡಕ್ಟರಿಗೆ “ರವಿಕಿ” ಎಂದನಂತೆ. ಅಂಗಡಿಯ ಕಂಪ್ಯೂಟರ್ ಪರದೆಗೆ ಪೆಟ್ಟಿಗೆ ಜೋಡಿಸಿದರು. ನಾನು ಫೋನಿನಲ್ಲಿ “ಎಫ್, ಎಫ್” ಎಂದು ಜಪಿಸಿದೆ. ಸಂಜೆಯೊಳಗೆ ರವಿಕೆಯ ಬೆನ್ನಿಗೆ ನವಿಲು ಬಂದು ಕೂತಿತು.

ಮುಂದಿನ ಭೇಟಿಯಲ್ಲಿ ನೋಡಿದರೆ ಚಿಕ್ಕಮ್ಮ ಎಲ್ಲಕ್ಕೂ ತಾನೇ ಹೆಸರಿಟ್ಟಿದ್ದಳು. ‘ಡಿ’ ಟ್ರಂಕು, ಪೆನ್‌ಡ್ರೈವ್ ಸಂಚಿ. ಹೊಸ ‘ಇ’ಗೆ ನನ್ನ ಹೆಸರು.

“ಇದಕ್ಯಾಕ ನನ್ನ ಹೆಸರು?”

“ನಿನ್ನಂಗ ಐತಲ್ಲ. ಒಳಗ ಜಾಗ ಭಾಳ. ಆದ್ರ ಒಳಗ ಹೋಗಿದ್ದು ಒಂದೂ ಹೊರಗ ಬರೂದಿಲ್ಲ.”

ಒಳ್ಳೆಯ ಉತ್ತರವೊಂದು ನನಗೂ ಹೊಳೆಯಿತು. ಒಳಗೇ ಇಟ್ಟುಕೊಂಡೆ.