ಐದು ನಿಮಿಷದ ಪ್ರಸಂಗ

ವಿಶ್ವಭಾಷೆಗಳು ಮತ್ತು ಸಂಸ್ಕೃತಿಗಳ ಪದವಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಉಪ್ಪಳದ ಮೋಕ್ಷಿತಾ ಎಂಬ ನಾನು ತಮಗೆ ವಿನಯಪೂರ್ವಕವಾಗಿ ಕೈ ಮುಗಿಯುತ್ತೇನೆ. ನಮಸ್ಕಾರವೆಂದು ಬಾಯಿಬಿಟ್ಟೇ ಹೇಳಬಹುದಿತ್ತು. ಆದರೆ ‘ಅಭ್ಯರ್ಥಿಗೆ ಭಾಷೆಗಳಲ್ಲಿ ಅಭಿರುಚಿಯಿಲ್ಲ, ಅನ್ಯ ಸಂಸ್ಕೃತಿಗಳ ಪರಿಚಯವೂ ಇಲ್ಲ’ ಎಂದು ತಾವು ನನ್ನ ಹೆಸರಿನ ಮುಂದೆ ಬರೆದು ಜಾಲತಾಣದಲ್ಲಿ ಪ್ರಕಟಿಸಿರುವುದರಿಂದ, ಅಂಥವಳು ಯಾವ ಭಾಷೆಯಲ್ಲಿ ನಮಸ್ಕರಿಸಿದರೆ ತಪ್ಪಾಗದು ಎಂದು ತಿಳಿಯದೆ ಕೈಗಳಿಗಷ್ಟೇ ಕೆಲಸ ಕೊಟ್ಟಿದ್ದೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ಅಮ್ಮನ ಕೋಪವೊಂದನ್ನು ಬಿಟ್ಟರೆ ನಾವೂ ಇಲ್ಲಿ ಕ್ಷೇಮ.

ತಮ್ಮ ಪದವಿಗೆ ನಾನೇಕೆ ಆಸೆಪಟ್ಟೆ ಎಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. ಕಳೆದ ವರ್ಷ ಅಜ್ಜಿ ಕಾಲು ಮುರಿದುಕೊಂಡು ಕಾಸರಗೋಡಿನ ಆಸ್ಪತ್ರೆಯಲ್ಲಿದ್ದಾಗ, ಅವರ ತುಳುವನ್ನು ಡಾಕ್ಟರಿಗೆ ಮಲಯಾಳದಲ್ಲಿಯೂ, ಡಾಕ್ಟರ ಮಲಯಾಳವನ್ನು ಅಜ್ಜಿಗೆ ತುಳುವಿನಲ್ಲಿಯೂ ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಕಂಡು ಪಕ್ಕದ ಹಾಸಿಗೆಯ ಬ್ಯಾರಿ ಅಜ್ಜಿಯ ಮನೆಯವರು ಕರೆದರು, ಆಮೇಲೆ ಎದುರಿನ ವಾರ್ಡಿನಿಂದ ಕನ್ನಡದ ಅಜ್ಜನೊಬ್ಬರು ಹೇಳಿಕಳಿಸಿದರು. ಆ ಅಜ್ಜನಿಗೆ ಸಣ್ಣ ಮಟ್ಟಿನ ಪಾರ್ಶ್ವವಾಯು. ನಾನು ಅಲ್ಲಿಗೆ ಹೋಗಿ ಮುಟ್ಟುವಾಗ ಡಾಕ್ಟರು ತಮ್ಮ ಭಾಷೆಯಲ್ಲಿ, ಸಂಸಾರಕ್ಕೆ ಕಷ್ಟ ಉಂಟೇ ಎಂದು ಕೇಳಿಯಾಗಿತ್ತು. ಮಲಯಾಳದಲ್ಲಿ ಸಂಸಾರವೆಂದರೆ ಮಾತು. ಅಜ್ಜನಾದರೋ ಕಣ್ಣು ತುಂಬಿಕೊಂಡು, ಹೆಂಡತಿ ಹಟಮಾರಿಯೆಂಬಲ್ಲಿಂದ ಹಿಡಿದು ಸೊಸೆಯಂದಿರ ಜಗಳದವರೆಗೆ ಎಲ್ಲವನ್ನೂ ವಿವರಿಸುತ್ತಿದ್ದರು. ಮಾತಿಗೇನೂ ತೊಂದರೆಯಿಲ್ಲವೆಂದು ಡಾಕ್ಟರಿಗೆ ಅದರಿಂದಲೇ ಗೊತ್ತಾಯಿತಾದರೂ, ಪಾಪ, ಅಜ್ಜ ಯಾಕೆ ಅಳುತ್ತಾರೆಂದು ಗೊತ್ತಾಗಲಿಲ್ಲ. ಇಬ್ಬರ ನಡುವೆ ನಿಂತು ಬಿಡಿಸಿ ಹೇಳಿದವಳು ನಾನು. ಜೀವಮಾನವಿಡೀ ಇದೇ ಕೆಲಸ ಮಾಡಬೇಕೆಂದು ನನಗೆ ಅಲ್ಲಿಯೇ ತೀರ್ಮಾನವಾಯಿತು. ಈ ಕೆಲಸ ಕಲಿಸುವ ಪದವಿಯೊಂದು ಉಂಟೆಂದು ತಿಳಿದಾಗ ಆದ ಸಂತೋಷವನ್ನು ಬರೆದರೆ ತಾವು ನಂಬಲಿಕ್ಕಿಲ್ಲ.

ಹೀಗಿರಲು ತಮ್ಮ ಕರೆಪತ್ರ ಬಂತು. ಸಂದರ್ಶನದಲ್ಲಿ ಅಭ್ಯರ್ಥಿಯು ಐದು ನಿಮಿಷದ ‘ಪ್ರಸಂಗ’ವೊಂದನ್ನು ನಡೆಸಿಕೊಡಬೇಕೆಂದು ಅದರಲ್ಲಿ ಮಲಯಾಳದಲ್ಲಿತ್ತು. ಜ್ವರ, ಕೆಮ್ಮು, ಬಸ್ಸು, ರೇಷನ್ನುಗಳ ಮಲಯಾಳ ನನಗೆ ನೀರು ಕುಡಿದಷ್ಟು ಸುಲಭ. ವೇದಿಕೆಯ ಮಲಯಾಳ ಅಷ್ಟು ಪರಿಚಯವಿಲ್ಲ. ಆದ್ದರಿಂದ, ತಾಳಮದ್ದಳೆಯಲ್ಲಿ ಅರ್ಥ ಹೇಳುವ ನನ್ನ ಸೋದರಮಾವ ಮಹಾಬಲ ಅವರನ್ನು ವಿಚಾರಿಸಿದೆ. ನಮ್ಮಲ್ಲಿ ಪ್ರಸಂಗವೆಂದರೆ ಯಕ್ಷಗಾನದ ಕಥೆ ತಾನೇ? “ಸಂಸ್ಕೃತಿ ವಿಭಾಗ ಅಲ್ವಾ, ಯಕ್ಷಗಾನ ಕೇಳದೆ ಮತ್ತೆಂತ ಕೇಳ್ತಾರೆ? ಆದ್ರೆ ಐದು ನಿಮಿಷದಲ್ಲಿ ಎಂತ ಪ್ರಸಂಗ ಮಾರಾಯ್ತಿ, ಗಣಪತಿ ಸ್ತುತಿಗೇ ಸಾಕಾಗುದಿಲ್ಲ” ಎಂದು ಅವರು ಹೇಳಿದರು. ಅಷ್ಟು ದೂರದ ಪಂಡಿತರು ಕಡೆಗೂ ನಮ್ಮನ್ನು ಕಂಡರಲ್ಲ ಎಂದು ಮನೆಯವರಿಗೆಲ್ಲ ಹೆಮ್ಮೆಯಾಯಿತು. ದೂತನೊಬ್ಬ ಪರರಾಜನ ಸಭೆಗೆ ಹೋಗುವ ಭಾಗವನ್ನು ಮಾವ ಕತ್ತರಿಸಿ, ಹೊಲಿದು ಐದು ನಿಮಿಷಕ್ಕೆ ಇಳಿಸಿಕೊಟ್ಟರು.

ಮುಂದಿನದು ತಮಗೆ ನೆನಪಿರಬಹುದು. ಗೋಡೆಯಲ್ಲಿ ಜಾವಾದ್ದೂ ಆಫ್ರಿಕಾದ್ದೂ ಮುಖವಾಡಗಳು, ತಮ್ಮ ಎಡಕ್ಕೆ ಜಪಾನಿನ ರಂಗಭೂಮಿಯ ಪಂಡಿತರು, ಬಲಕ್ಕೆ ಸ್ಪಾನಿಷ್ ಮೇಡಂ. ಕುರ್ಚಿಗಳಲ್ಲಿ ದೊಡ್ಡದು ತಮ್ಮದಾದ್ದರಿಂದ ರಾಜ ತಾವೇ ಎಂದು ಊಹಿಸಿ, ತಮ್ಮತ್ತ ಬೆರಳು ಚಾಚಿ, “ಎಲವೋ ಅವಿವೇಕಿ ರಾಜನೇ, ಬಂದ ದೂತನಿಗೆ ಆಸನ ಕೊಡಲರಿಯದ ನಿನ್ನ ಸಭೆಯಲ್ಲಿ ಇಷ್ಟು ವಿದ್ವಾಂಸರಿದ್ದೇನು ಫಲ!” ಎಂದು ಏರುದನಿಯಲ್ಲಿ ಆರಂಭಿಸಿದೆ. ಮೇಡಂ ಗಾಬರಿಯಿಂದ ನೀರಿನ ಬಾಟಲಿ ಮುಂದಕ್ಕೆ ತಳ್ಳಿದರು. ಶತ್ರುವಿನ ಸತ್ಕಾರವನ್ನು ದೂತ ಸ್ವೀಕರಿಸಬಾರದಾದ್ದರಿಂದ ತಿರಸ್ಕರಿಸಿದೆ. ಬಾಗಿಲಲ್ಲಿ ಕಾವಲುಗಾರ ಬಂದು ನಿಂತದ್ದನ್ನು ಕಂಡು, ಸಭಾಲಕ್ಷಣ ಪೂರ್ತಿಯಾಯಿತೆಂದು ಉತ್ಸಾಹ ಇಮ್ಮಡಿಯಾಯಿತು. ನಾನು ಅರ್ಥ ಹೇಳಿದೆ, ತಮಗೆ ಅರ್ಥವಾಗಲಿಲ್ಲ. ಕೊನೆಗೆ ತಾವು ಬಹಳ ಮೃದುವಾಗಿ, ಪ್ರಸಂಗವೆಂದರೆ ಭಾಷಣವೆಂದೂ, ಮಾತಾಡಬೇಕಾಗಿದ್ದ ವಿಷಯ ‘ಪರಭಾಷೆಗಳನ್ನು ಅರಿಯುವುದರ ಮಹತ್ವ’ವೆಂದೂ ತಿಳಿಸಿದಿರಿ. ಅಷ್ಟರಲ್ಲಿ ಐದು ನಿಮಿಷ ಮುಗಿದಿತ್ತು. ರೈಲಿನಲ್ಲಿ ಕಿಟಕಿಯ ಕಡೆ ತಿರುಗಿ ಕುಳಿತು ಅತ್ತೆ.

ಆದರೂ ತಮ್ಮ ಬಗ್ಗೆ ನನಗಿರುವ ಗೌರವ ಕಡಿಮೆಯಾಗಿಲ್ಲ. ಸಾಗರದಾಚೆಯ ಮುಖವಾಡವನ್ನು ದೂರದಿಂದಲೇ ಗುರುತಿಸುವವರು ತಮ್ಮದೇ ಕೇರಳ ರಾಜ್ಯದ ತುದಿಯ ಆಟವೊಂದನ್ನು ಗುರುತಿಸದಿರಬೇಕಾದರೆ ಎಂಥ ಏಕಾಗ್ರತೆ ಬೇಕು! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನಾಲ್ಕು ವರ್ಷದ ಪಠ್ಯಕ್ರಮವನ್ನೇ ರಚಿಸಿದ ಕೀರ್ತಿ ತಮ್ಮದು. “ವಿಶ್ವ ಎಲ್ಲ ಸುತ್ತಿ ಬಂದವರಿಗೆ ನಮ್ಮ ಊರಿಗೆ ಬರ್ಲಿಕ್ಕೆ ಮಾತ್ರ ಪುರ್ಸೊತ್ತಿಲ್ವಾ?” ಎಂದು ಅಮ್ಮ ಕೇಳುತ್ತಾರೆ. ಅವರಿಗೆ ತಿಳಿಯದು, ಬಿಡಿ. ನಮ್ಮೂರಿಗೆ ಬರಲು ವೀಸಾ ಬೇಡವಾದ್ದರಿಂದ ನಾವು ವಿಶ್ವದೊಳಗೆ ಬರುವುದಿಲ್ಲ.

ಈ ಕಾರಣದಿಂದ ಕಾಸರಗೋಡು ಜಿಲ್ಲೆಯನ್ನು ಬುಡಸಮೇತ ಎತ್ತಿ ಪೆರು ದೇಶದ ಪಕ್ಕದಲ್ಲೆಲ್ಲಾದರೂ ಇರಿಸಲು ಸರಕಾರಕ್ಕೆ ಶಿಫಾರಸು ಮಾಡಬೇಕಾಗಿ ಕೋರುತ್ತೇನೆ. ಅದು ತಡವಾಗುವುದಾದರೆ ಇನ್ನೊಂದು ದಾರಿಯುಂಟು. ಗಡಿಯ ಕುಂಜತ್ತೂರು ದಾಟಿ ಮಂಗಳೂರಿಗೆ ಹೋದರೆ ಅಲ್ಲಿನವರು ಕೇರಳದವಳಾಗಿಯೂ ಕನ್ನಡ ಚಂದ ಮಾತಾಡುತ್ತೀ ಎಂದು ಬೆನ್ನು ತಟ್ಟುತ್ತಾರೆ. ತಮ್ಮಲ್ಲಿಗೆ ಬಂದರೆ ತಾವು ಕರ್ನಾಟಕದಿಂದ ಯಾವಾಗ ಬಂದೆ ಎಂದು ವಿಚಾರಿಸುತ್ತೀರಿ. ಎರಡೂ ಕಡೆ ನಾನು ಹೊರಗಿನವಳೇ ಆಗಿರುವುದರಿಂದ, ವಿದೇಶೀ ವಿದ್ಯಾರ್ಥಿಗಳ ಕೋಟಾದಲ್ಲಿ ನನಗೊಂದು ಸೀಟು ದಯಪಾಲಿಸಬಹುದು. ಅದೂ ಆಗದಿದ್ದರೆ ವಿದ್ಯಾರ್ಥಿನಿಯಾಗಿ ಬೇಡ, ಪಠ್ಯವಾಗಿಯಾದರೂ ಸೇರಿಸಿಕೊಳ್ಳಿ. ಪಾಠ ಇರುವ ದಿನ ಬಂದು ಮುಖವಾಡಗಳ ಪಕ್ಕ ನಿಂತಿರುತ್ತೇನೆ. ದಯವಿಟ್ಟು ಇನ್ನೊಂದು ಅವಕಾಶ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ, ಭಾಷಾಭಿರುಚಿಯೊಂದನ್ನು ಬಿಟ್ಟು ಉಳಿದೆಲ್ಲವೂ ಇರುವ
ತಮ್ಮ ವಿಶ್ವಾಸಿ,
ಮೋಕ್ಷಿತಾ, ಉಪ್ಪಳ

ವಿ.ಸೂ.: ಭರ್ತಿಯಾಗದೆ ಉಳಿದ ಸೀಟುಗಳಿಗೆ ಸೋಮವಾರ ಮತ್ತೆ ಸಂದರ್ಶನವಿದೆ ಎಂದು ನೋಡಿದೆ. ಬರುತ್ತೇನೆ. ಮೇಲೆ ‘ಅವಕಾಶ’ ಎಂದು ಬರೆದಿದ್ದೇನಲ್ಲ, ಕನ್ನಡದಲ್ಲಿ ಅದು ದೊಡ್ಡವರು ಮನಸ್ಸು ಮಾಡಿದರೆ ಸಿಗುವಂಥದ್ದು. ತಮ್ಮ ಮಲಯಾಳದಲ್ಲಿ ಅದೇ ಪದಕ್ಕೆ ಹಕ್ಕು ಎಂದರ್ಥ. ನಾನು ಬರೆದದ್ದು ಕನ್ನಡದಲ್ಲಿ. ತಾವು ದಯವಿಟ್ಟು ಮಲಯಾಳದಲ್ಲಿ ಓದಿಕೊಳ್ಳಬೇಕು.