ಪರದೆಯ ಹಿಂದಿನ ಯೂಲಾಮ್

ತೊಂದರೆ ಶುರುವಾದದ್ದು ಗಿಡಮೂಲಿಕೆ ಅಂಗಡಿಯ ಕ್ವಾನ್ ಚಿಕ್ಕಪ್ಪನ ಬಾಯಿಂದ. "ನಮ್ಮ ಯೂಲಾಮ್‌ಗೆ ಈ ಸಲ ಮಾತಿರೋ ಪಾರ್ಟು ಸಿಕ್ಕಿದೆ!" ಎಂದು ಆತ ಬೆಳಿಗ್ಗೆ ಎಂಟರೊಳಗೆ ಲಾಸ್ ಏಂಜಲಿಸ್‌ನ ಚೀನೀ ಕೇರಿಗೆಲ್ಲ ಸಾರಿಬಿಟ್ಟಿದ್ದ.

ಯೂಲಾಮ್ ಗಾಡಿಯಲ್ಲಿ ತರಕಾರಿ ಮಾರುವವನು. ಸಿನಿಮಾದವರು ಕರೆದಾಗ ಹೋಗಿ ಗುಂಪಿನಲ್ಲಿ ನಿಂತು ಬರುತ್ತಿದ್ದ. ಹನ್ನೊಂದು ಸಿನಿಮಾಗಳಾಗಿದ್ದವು, ಹನ್ನೊಂದರಲ್ಲೂ ಅವನ ಬೆನ್ನು ಬಹಳ ಚೆನ್ನಾಗಿ ಕಂಡಿತ್ತು.

"ರೀ, ಈ ಸಲಾನೂ ಮುಖ ಕಾಣ್ಲಿಲ್ಲ ಅಂದ್ರೆ ಸಿನಿಮಾ ಸಹವಾಸ ಸಾಕು," ಎಂದಳು ಹೆಂಡತಿ ಲಾಯಿಂಗ್, ಅವನ ಕಾಲರು ಸರಿಮಾಡುತ್ತ. "ಕೇರಿ ಹೆಂಗಸರಿಗೆಲ್ಲ ನಿಮ್ಮ ಬೆನ್ನು ತೋರಿಸಿ ತೋರಿಸಿ ನಂಗೆ ನಾಚಿಕೆ ಆಗಿಹೋಗಿದೆ."

ಕ್ವಾನ್ ಚಿಕ್ಕಪ್ಪ ಗಂಟಲಿಗೆಂದು ಒಂದು ಬಟ್ಟಲು ಕಹಿ ಕಷಾಯ ಕುಡಿಸಿಯೇ ಅವನನ್ನು ಕಳಿಸಿದ.

ಸಿನಿಮಾ ಮಾತು ಕಲಿತು ಇನ್ನೂ ಎರಡು ವರ್ಷವಾಗಿತ್ತಷ್ಟೆ. ಸ್ಟುಡಿಯೋದಲ್ಲಿ ಮೈಕನ್ನು ಹೂದಾನಿಯೊಳಗೆ ಬಚ್ಚಿಟ್ಟಿದ್ದರು. ಪ್ರೇಮಿಗಳು ಒಬ್ಬರನ್ನೊಬ್ಬರು ಬಿಟ್ಟು ಹೂವಿನ ಜೊತೆ ಮಾತಾಡಬೇಕು. ಚೀನೀ ರಾಜಕುಮಾರನಾಗಿ ಪ್ರೆಸ್ಕಾಟ್ ಎಂಬ ಬಿಳಿಯ ನಟ ಕಣ್ಣಿನ ಕೊನೆಗೆ ಅಂಟುಪಟ್ಟಿ ಎಳೆದುಕೊಂಡು ಕೂತಿದ್ದ. ರಾಜಕುಮಾರಿ ಅಯೋವಾದ ಬಿಳಿಯ ರೈತನೊಬ್ಬನ ಮಗಳು. ಅಲ್ಲಿ ಚೀನೀಯನೆಂದರೆ ಚಹಾದ ತಟ್ಟೆ ಹಿಡಿದ ಯೂಲಾಮ್ ಒಬ್ಬನೇ.

"ದೊರೆಯೇ, ಚಹಾ ತಂದಿದ್ದೇನೆ," ಎಂದ ಯೂಲಾಮ್.

"ಕಟ್!" ಎಂದು ನಿರ್ದೇಶಕ ಹ್ಯಾಲೊರನ್ ಕೂಗಿದ. "ಏನಯ್ಯಾ, ನನ್ನ ಥರಾನೇ ಮಾತಾಡ್ತೀಯ? ಚೀನೀಯರ ಥರ ತಡವರಿಸಿ ಮಾತಾಡು."

"ನಾನು ಹುಟ್ಟಿದ್ದೇ ಈ ಊರಲ್ಲಿ ಸಾರ್. ನಮ್ಮಪ್ಪನೂ ಇಲ್ಲೇ ಹುಟ್ಟಿದ್ದು. ತಡವರಿಸೋದು ಹೇಗೆ ಅಂತ ನೀವೇ ಹೇಳ್ಕೊಡಿ."

ಅಷ್ಟರಲ್ಲಿ ಛಾಯಾಗ್ರಾಹಕ ತಲೆ ಕೆರೆದುಕೊಂಡ. "ಸಾರ್, ರಾಜಕುಮಾರನ್ನೂ ಇವನನ್ನೂ ಅಕ್ಕಪಕ್ಕ ನಿಲ್ಲಿಸಿದ್ರೆ ಒಬ್ಬರು ನಕಲಿ ಥರ ಕಾಣ್ತಾರೆ."

ಹ್ಯಾಲೊರನ್ ಇಬ್ಬರನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಯೂಲಾಮನನ್ನು ತೆಗೆದುಹಾಕಿದ.

ಯೂಲಾಮ್ ತಟ್ಟೆಯ ಸಮೇತ ರೇಷ್ಮೆ ಪರದೆಯ ಹಿಂದೆ ಹೋಗಿ ಕುಕ್ಕರಿಸಿದ. ಮನೆಗೆ ಯಾವ ಮುಖ ಹೊತ್ತು ಹೋಗುವುದು? ಪರದೆಯ ಮುಂದೆ ರಾಜಕುಮಾರ ಬಾಯಿ ತೆರೆದ. "ನಿನ್ನನ್ನು ಕಾಣದ ದಿನ ನನಗೆ ದಿನವೇ ಅಲ್ಲ." ಆ ದನಿ ಎಣ್ಣೆ ಕಾಣದ ಗಾಡಿ ಚಕ್ರದಂತೆ ಕೀರಲು. ಹತ್ತು ಸಲ ಹೇಳಿಸಿದರು. ದನಿ ಸರಿಹೋಗಲಿಲ್ಲ, ಕಣ್ಣಿನ ಪಟ್ಟಿ ಮಾತ್ರ ಕಿತ್ತುಬಂತು.

ಯೂಲಾಮ್‌ಗೆ ತಡೆಯಲಾಗಲಿಲ್ಲ. "ಹಾಗಲ್ಲ ಸ್ವಾಮಿ, ಹೀಗೆ," ಎಂದು ಲಾಯಿಂಗಳನ್ನು ನೆನೆದು ಅದೇ ಮಾತು ಹೇಳಿದ.

ಗಾಜಿನ ಗೂಡಿನಿಂದ ಧ್ವನಿಯಂತ್ರದವನು ಓಡಿಬಂದ. "ಇದೇ! ಈ ದನಿ ಯಾರದು?"

ಸಂಜೆಯವರೆಗೂ ಪ್ರೆಸ್ಕಾಟ್ ತುಟಿ ಆಡಿಸಿದ, ಪರದೆಯ ಹಿಂದಿನಿಂದ ಯೂಲಾಮ್ ಪ್ರೇಮಿಸಿದ.

ಮನೆಯ ಮುಂದೆ ಇಡೀ ಕೇರಿಯೇ ನೆರೆದಿತ್ತು.

"ಮುಖ?" ಎಂದ ಕ್ವಾನ್ ಚಿಕ್ಕಪ್ಪ.

"ಇಲ್ಲ."

"ಬೆನ್ನು?"

"ಅದೂ ಇಲ್ಲ. ಬರೀ ದನಿ."

ಲಾಯಿಂಗ್ ಬೈಯುತ್ತಾಳೆಂದು ಯೂಲಾಮ್ ತಲೆ ತಗ್ಗಿಸಿದ. ಆಕೆ ನಕ್ಕಳು. "ನಾನು ಸೋತಿದ್ದು ನಿಮ್ಮ ಮುಖಕ್ಕಾ? ನಮ್ಮ ಕಿಟಕಿ ಕೆಳಗೆ ‘ಎಳೇ ಮೂಲಂಗೀ’ ಅಂತ ಕೂಗ್ತಿದ್ರಲ್ಲ, ಆ ದನಿಗೆ. ಮುಖ ನೋಡೋ ಹೊತ್ತಿಗೆ ತಡ ಆಗಿತ್ತು." ಯೂಲಾಮನ ಕಣ್ಣು ತುಂಬಿಬಂತು.

ಆಗಲೇ ಹ್ಯಾಲೊರನ್‌ನ ಕಾರು ಬಂದು ನಿಂತಿತು.

"ಯೂಲಾಮ್! ನಿನ್ನ ಮುಖಾನೇ ಬೇಕು ಅಂತ ಛಾಯಾಗ್ರಾಹಕ ಹಟ ಹಿಡಿದ, ಸ್ಟುಡಿಯೋ ಯಜಮಾನ್ರೂ ಒಪ್ಪಿದ್ರು. ಮುಂದಿನ ಸಿನಿಮಾದಲ್ಲಿ ನೀನೇ ಪ್ರೇಮಿ. ತೆರೆ ತುಂಬ ನಿನ್ನ ಮುಖ!"

ಕೇರಿ ಹೋ ಎಂದಿತು. ಹ್ಯಾಲೊರನ್ ಕೆಮ್ಮಿದ.

"ಒಂದೇ ಒಂದು ವಿಷಯ. ನಿನ್ನ ಮಾತು ಚೀನೀಯರ ಥರ ಇಲ್ಲ ಅಂತಾರೆ ಯಜಮಾನ್ರು. ಅದಕ್ಕೆ ನೀನು ತುಟಿ ಆಡಿಸಿದ್ರೆ ಸಾಕು. ಪರದೆ ಹಿಂದೆ ಕೂತು ಪ್ರೆಸ್ಕಾಟ್ ತಡವರಿಸಿ ಮಾತಾಡ್ತಾರೆ."

ಲಾಯಿಂಗ್ ಗಂಡನ ಕೈ ಹಿಡಿದಳು. "ಎರಡೂ ನೋಡೋಣ ರೀ. ಮೊದಲನೇದಕ್ಕೆ ಕಣ್ಣು ಮುಚ್ಕೋತೀನಿ, ಎರಡನೇದಕ್ಕೆ ಕಿವಿ. ಮೂರನೇದಕ್ಕೆ ಏನೂ ಮುಚ್ಚಬೇಕಾಗಲ್ಲ, ನೋಡ್ತಿರಿ."

ಕ್ವಾನ್ ಚಿಕ್ಕಪ್ಪ ಆಗಲೇ ಅಂಗಡಿಯತ್ತ ಓಡುತ್ತಿದ್ದ. "ಆ ಪ್ರೆಸ್ಕಾಟ್‌ಗೆ ದಿನಾ ಮೂರು ಬಟ್ಟಲು ಕಷಾಯ ಕುಡಿಸ್ಬೇಕು! ನಮ್ಮ ಹುಡುಗನ ಬಾಯಿಂದ ಬರೋ ದನಿ ಅದು!"